ಭಾವನ ಬ್ಯಾಂಡೂ ನನ್ನ ಇಳಿಸುವ ಕೈಯೂ

ನನ್ನ ಭಾವ ಸುಧಾಕರನ ಬ್ಯಾಂಡಿನ ಎಲ್ಲ ಕಾರ್ಯಕ್ರಮಗಳಿಗೂ ಮೈಕ್ ಸೆಟ್ ಹಾಕಿದವನು ನಾನು. ಆದರೆ ಅವರ ಒಂದು ಹಾಡನ್ನೂ ಇಷ್ಟಪಟ್ಟು ಕೇಳಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಅವನು ತೀರಿಕೊಂಡ ಮೇಲೆ, ಆ ಬ್ಯಾಂಡಿನ ವಿಷಯ ತಿಳಿಯಬೇಕಾದರೆ ವರ್ಕಾಡಿಯ ಮೈಕಿನವರನ್ನು, ಅಂದರೆ ನನ್ನನ್ನು, ಕೇಳಿ ಎಂದು ಯಾರೋ ಎಲ್ಲಿಯೋ ಹೇಳಿಬಿಟ್ಟಿದ್ದಾರೆ. ತಿಂಗಳಿಗೆ ಒಬ್ಬರಾದರೂ ಫೋನ್ ಮಾಡುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ. ಅವರ ಸಂಗೀತದ ಮೇಲೆ ಯಾರ ಯಾರ ಪ್ರಭಾವ ಇತ್ತು?

ನಾನು ಹತ್ತನೆಯ ತರಗತಿಯವರೆಗೆ ಓದಿದವನು. ಪ್ರಭಾವ ಎಂಬ ಪದವನ್ನು ಸಮಾಜ ಪಾಠದ ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟರೆ ಬೇರೆಲ್ಲೂ ಎದುರಿಸಿದವನಲ್ಲ. ಫೋನ್ ಮಾಡಿದವರು ತಾವೇ ನಾಲ್ಕೈದು ವಿದೇಶಿ ಬ್ಯಾಂಡುಗಳ ಹೆಸರು ಹೇಳುತ್ತಾರೆ, ನಾನು ಹೌದು ಎಂದರೆ ಅವರಿಗೆ ಸಾಕು. ಮೊದಮೊದಲು, ದುಃಖದ ಸಮಯದಲ್ಲಿ ವಾದ ಯಾಕೆ ಎಂದು, "ಇರಬಹುದು" ಎನ್ನುತ್ತಿದ್ದೆ. ಆಮೇಲೆ ಒಬ್ಬರು ಸುಧಾಕರನ ಸಂಗೀತದ ಬೇರು ಜರ್ಮನಿಯ ಯಾವುದೋ ಕಾರ್ಖಾನೆ ಊರಿನಲ್ಲಿದೆಯೆಂದೂ ಅದನ್ನು ಅವನ ಭಾವನೇ ಒಪ್ಪಿದ್ದಾರೆಂದೂ ಬರೆದು ಹಾಕಿದರು. ದೇಲಂಪಾಡಿಯಲ್ಲಿ ಹುಟ್ಟಿ, ವಯರಿಂಗ್ ಕೆಲಸಕ್ಕೆಂದು ಆಚೆ ಮಂಗಳೂರು ಈಚೆ ಕಾಸರಗೋಡು ದಾಟದ ಹುಡುಗನಿಗೆ ಜರ್ಮನಿಯಲ್ಲಿ ಬೇರು. ಅಂದಿನಿಂದ ಫೋನ್ ಬಂದರೆ ನನಗೆ ಸಿಟ್ಟು ಬರುತ್ತದೆ.

ಭಾವ ಎಂದರೆ ಹೆಂಡತಿಯ ತಮ್ಮ. ನನಗಿಂತ ಹದಿನಾರು ವರ್ಷಕ್ಕೆ ಕಿರಿಯ. ಆದರೂ ನಮ್ಮ ಕಡೆ ಭಾವಂದಿರಲ್ಲಿ ಹಿರಿಯ ಕಿರಿಯ ಎಂದಿಲ್ಲ. ನಾನು ಅವನಿಗೆ ಭಾವ, ಅವನು ನನಗೆ ಭಾವ. ಇಬ್ಬರೂ ಎದುರಾದರೆ ಒಂದು ತಮಾಷೆಯಿಂದಲೇ ಮಾತು ಶುರುವಾಗಬೇಕು, ಅದಕ್ಕೆ ಇನ್ನೊಬ್ಬ ಉತ್ತರ ಕೊಡಬೇಕು. ನನ್ನ ಹೊಟ್ಟೆಯ ಬಗ್ಗೆ ಅವನು ಒಂದು ಹೇಳಿದರೆ ಅವನ ಕೂದಲಿನ ಬಗ್ಗೆ ನಾನು ಒಂದು. ಇದು ನಾವು ಮಾಡಿದ ನಿಯಮವಲ್ಲ, ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಭಾವಂದಿರ ನಡುವೆ ತಪ್ಪಾಯಿತು ಎಂದು ಹೇಳುವ ಪದ್ಧತಿಯೂ ಇಲ್ಲ. ಜಗಳವಾದರೆ ತಪ್ಪು ಮಾಡಿದವನು ಬಂದು ಒಂದು ತಮಾಷೆ ಮಾಡುತ್ತಾನೆ, ಮತ್ತೊಬ್ಬ ನಗುತ್ತಾನೆ, ಅಲ್ಲಿಗೆ ಮುಗಿಯಿತು.

ಬ್ಯಾಂಡಿನಲ್ಲಿ ಇದ್ದವರು ಮೂವರು. ಗಿಟಾರಿಗೆ ಸುಧಾಕರ. ಡ್ರಮ್ಮಿಗೆ ಅಶ್ರಫ್. ಇವನಿಗೆ ಅಪ್ಪನ ಚಪ್ಪಲಿ ಅಂಗಡಿ ಇತ್ತು, ಸಣ್ಣವನಿದ್ದಾಗ ದಫ್ ಬಡಿದು ಪಳಗಿದ ಕೈ ಇತ್ತು. ಹಾರ್ಮೋನಿಯಮ್ಮಿಗೆ ಪ್ರಮೀಳಾ. ವಿದ್ಯಾನಗರದ ಒಂದು ಆಫೀಸಿನಲ್ಲಿ ಕ್ಲರ್ಕು, ಭಜನೆಯ ಮನೆಯಿಂದ ಬಂದವಳು. ಬ್ಯಾಂಡಿನ ಹೆಸರು "ಅರ್ಥಿಂಗ್". ಅದೂ ನನ್ನನ್ನು ತಮಾಷೆ ಮಾಡಲಿಕ್ಕೇ ಇಟ್ಟದ್ದು. ಹೋದಲ್ಲೆಲ್ಲ ನಾನು "ಅರ್ಥಿಂಗ್ ಸರಿ ಉಂಟಾ" ಎಂದು ಮೊದಲು ಕೇಳುತ್ತೇನಂತೆ. ನೆಲಕ್ಕೆ ಹೋಗುವ ಆ ವಯರು ಸರಿ ಇಲ್ಲದಿದ್ದರೆ ಸ್ಪೀಕರ್ ಬಾಕ್ಸಿನಲ್ಲಿ ಗುಂಯ್ ಎಂದು ಜೇನುನೊಣ ಕುಳಿತ ಹಾಗೆ ಆಗುತ್ತದೆ, ಕೇಳದೆ ಇರುವುದು ಹೇಗೆ?

ಇದು ಯಾವ ಜಾತಿಯ ಸಂಗೀತ ಎಂದು ಒಮ್ಮೆ ಅಶ್ರಫನನ್ನು ಕೇಳಿದ್ದೆ.

"ಆರ್ಟ್ ರಾಕ್, ಅಣ್ಣ. ಜನ ಎದ್ದು ಕುಣಿದರೆ ರಾಕ್. ಕುಳಿತು ಆಲೋಚನೆ ಮಾಡಿದರೆ ಆರ್ಟ್ ರಾಕ್."

"ಎದ್ದು ಹೋದರೆ ಮಾರಾಯ?"

"ಅದು ಎಕ್ಸ್‌ಪೆರಿಮೆಂಟಲ್."

ಈಗ ನನ್ನ ಕಸುಬಿನ ವಿಷಯ ಸ್ವಲ್ಪ ಹೇಳಬೇಕು. ಮೈಕ್ ಸೆಟ್ಟಿನವನು ಸಭೆಯಲ್ಲಿ ಯಾರ ಕಣ್ಣಿಗೂ ಬೀಳಬಾರದು. ಯಕ್ಷಗಾನವಿರಲಿ, ಮದುವೆ ಇರಲಿ, ಮಸೀದಿಯ ಪ್ರವಚನವಿರಲಿ, ಎಲ್ಲ ಸರಿಯಾಗಿದ್ದರೆ ಅವನೊಬ್ಬ ಅಲ್ಲಿದ್ದಾನೆಂದು ಯಾರಿಗೂ ನೆನಪಾಗುವುದಿಲ್ಲ. ಮೈಕು ಕೂಗಿತೋ, ಇಡೀ ಸಭೆಯ ತಲೆ ಅವನ ಕಡೆ ತಿರುಗುತ್ತದೆ. ಮೈಕು ಕೂಗುವುದು ಯಾಕೆ ಎಂದರೆ, ಅದು ತಾನು ಹೇಳಿದ್ದನ್ನು ಬಾಕ್ಸಿನಿಂದ ತಾನೇ ಕೇಳಿಸಿಕೊಳ್ಳುತ್ತದೆ, ಕೇಳಿಸಿಕೊಂಡದ್ದನ್ನು ಇನ್ನೂ ಜೋರಾಗಿ ಹೇಳುತ್ತದೆ, ಅದನ್ನು ಪುನಃ ಕೇಳಿಸಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮಾತೆಲ್ಲ ಕಳೆದು ಬರೀ ಕೂಗು ಉಳಿಯುತ್ತದೆ. ಭಾಷಣಕ್ಕೆ ಬಂದ ದೊಡ್ಡವರು ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಹಿಡಿದು ಅದನ್ನು ಕೂಗಿಸುವುದೂ, ಆಮೇಲೆ ನನ್ನನ್ನು ದುರುಗುಟ್ಟಿ ನೋಡುವುದೂ ಉಂಟು. ಹಾಗಾಗಿ ನನ್ನ ಬಲಗೈ ಸದಾ ವಾಲ್ಯೂಮಿನ ಮೇಲೆ ಇರುತ್ತದೆ. ಕೂಗು ಹುಟ್ಟುವ ಮೊದಲೇ ಅದಕ್ಕೆ ಗೊತ್ತಾಗುತ್ತದೆ. ಕಿವಿ ತಲೆಗೆ ಹೇಳಿ, ತಲೆ ಕೈಗೆ ಹೇಳುವಷ್ಟು ಹೊತ್ತು ಅದು ಕಾಯುವುದಿಲ್ಲ. ಇಪ್ಪತ್ತೈದು ವರ್ಷದಲ್ಲಿ ನನ್ನ ಸೆಟ್ ಕೂಗಿತು ಎಂದು ಒಂದು ದೂರು ಬಂದದ್ದಿಲ್ಲ.

ಇಂಥವನ ಭಾವನಾಗಿದ್ದುಕೊಂಡು, ಕೂಗೇ ಸಂಗೀತ ಎಂದು ನಂಬುವುದಾದರೆ ಅದಕ್ಕೆ ಏನೆನ್ನಬೇಕು? ನಾನು ತೆಗೆದಿಟ್ಟ ಹಾಳು ಹಾರ್ನ್ ಸ್ಪೀಕರುಗಳನ್ನೆಲ್ಲ ಅವನು ಒಯ್ಯುತ್ತಿದ್ದ. ಒಡೆದ ಹಾರ್ನಿನಿಂದ ಒಡೆದ ಸ್ವರ ಬರುತ್ತದಲ್ಲ ಎಂದರೆ, ಅದಕ್ಕೇ ಬೇಕು ಎನ್ನುತ್ತಿದ್ದ. ನಾನು ಇಡೀ ದಿನ ಯಾವುದನ್ನು ತೆಗೆಯಲು ಒದ್ದಾಡುತ್ತೇನೋ, ಅವನು ಸಂಜೆ ನಮ್ಮ ಶೆಡ್ಡಿನಲ್ಲಿ ಕುಳಿತು ಅದನ್ನೇ ಕಷ್ಟಪಟ್ಟು ತಯಾರಿಸುತ್ತಿದ್ದ.

ಪ್ರಭಾವ ಎಂದು ಫೋನಿನವರು ಕೇಳುತ್ತಾರಲ್ಲ, ಅದಕ್ಕೆ ನಿಜವಾದ ಉತ್ತರ ನನಗೆ ಗೊತ್ತು. ಯಾರೂ ಬರೆದುಕೊಳ್ಳುವುದಿಲ್ಲ, ಅಷ್ಟೆ. ನನ್ನ ಮದುವೆಯ ವರ್ಷ ದೇಲಂಪಾಡಿಯ ಮಾವನ ಮನೆಗೆ ಒಂದು ಟೇಪ್ ರೆಕಾರ್ಡರ್ ಕೊಟ್ಟಿದ್ದೆ. ಆ ಮನೆ ಕಾಡಿನ ಬದಿಯಲ್ಲಿ, ಕರೆಂಟಿನ ಲೈನಿನ ತೀರ ತುದಿಯಲ್ಲಿ. ಸಂಜೆಯಾದರೆ ವೋಲ್ಟೇಜ್ ಎಷ್ಟು ಇಳಿಯುತ್ತಿತ್ತೆಂದರೆ ಬಲ್ಬು ಗೇರುಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು, ಟೇಪು ಎಳೆದೆಳೆದು ತಿರುಗುತ್ತಿತ್ತು. ಹಾಡುವ ಹೆಂಗಸು ಗಂಡಸಾಗುತ್ತಿದ್ದಳು. ಪಕ್ಕದ ಮನೆಯವರು ಪಂಪು ಬಂದ್ ಮಾಡಿದ ಕೂಡಲೇ ಹಾಡು ಎದ್ದು ಓಡುತ್ತಿತ್ತು. ಸುಧಾಕರ ಹತ್ತು ವರ್ಷದವನಿದ್ದಾಗಿನಿಂದ ಎಲ್ಲ ಹಾಡನ್ನೂ ಹಾಗೆಯೇ ಕಲಿತ. ವರ್ಕಾಡಿಯ ನಮ್ಮ ಮನೆಗೆ ಬಂದು, ಸ್ಟೆಬಿಲೈಸರ್ ಇಟ್ಟ ಸೆಟ್ಟಿನಲ್ಲಿ ಅದೇ ಹಾಡು ಕೇಳಿದಾಗ, "ಭಾವ, ಇದು ತಪ್ಪು ಉಂಟು, ಇಷ್ಟು ಬೇಗ ಯಾರು ಹಾಡುದು?" ಎಂದ. ಅವನ ಬ್ಯಾಂಡಿನ ಹಾಡುಗಳು ಎಲ್ಲವೂ ಮೊದಲು ಮೊಣಕಾಲು ನೋವಿನವರ ಹಾಗೆ ನಡೆದು ನಡುವೆ ಒಮ್ಮೆಲೇ ಓಡುವುದು ಯಾಕೆ ಎಂದು ಯಾರು ಯಾರೋ ಉದ್ದುದ್ದ ಬರೆದಿದ್ದಾರೆ. ಅಲ್ಲಿ ಓಡುವುದು ಪಕ್ಕದ ಮನೆಯ ಪಂಪು ನಿಂತದ್ದು.

ಇನ್ನೊಂದು. ನಮ್ಮ ಮನೆ ಎರಡು ಗುಡ್ಡಗಳ ನಡುವೆ ಇದೆ. ಉತ್ಸವದ ಸೀಸನಿನಲ್ಲಿ ಒಂದು ಗುಡ್ಡದಲ್ಲಿ ಭಜನೆ, ಇನ್ನೊಂದರಲ್ಲಿ ಮಸೀದಿಯ ದಫ್. ಎಷ್ಟೋ ಸಲ ಎರಡೂ ಕಡೆ ನನ್ನದೇ ಸೆಟ್ಟು. ಎರಡೂ ಗಾಳಿಯಲ್ಲಿ ತೇಲಿ, ಒಂದು ಸ್ವಲ್ಪ ಮೊದಲು ಒಂದು ಸ್ವಲ್ಪ ತಡವಾಗಿ, ನಮ್ಮ ಅಂಗಳಕ್ಕೆ ಬಂದು ಬೀಳುತ್ತಿದ್ದವು. ಸುಧಾಕರ ಕುರ್ಚಿ ಹಿಡಿದುಕೊಂಡು ಅಂಗಳದಲ್ಲಿ ಅತ್ತಿತ್ತ ನಡೆದು, ಎರಡೂ ಸಮನಾಗಿ ಕೇಳುವ ಜಾಗ ಹುಡುಕಿ ಅಲ್ಲಿ ಕುಳಿತುಕೊಳ್ಳುತ್ತಿದ್ದ. ಮುಂದೆ ಬ್ಯಾಂಡಿನಲ್ಲಿ ಪ್ರಮೀಳಾ ಒಂದು ತಾಳದಲ್ಲಿ, ಅಶ್ರಫ್ ಇನ್ನೊಂದು ತಾಳದಲ್ಲಿ ಬಾರಿಸುವುದನ್ನು ನೋಡಿ ಇಬ್ಬರಿಗೂ ಜಗಳವಾಗಿದೆ ಎಂದೇ ನಾನು ತಿಳಿದಿದ್ದೆ.

ಟೇಪು ನಾನು ಕೊಟ್ಟದ್ದು, ಹಾರ್ನು ನನ್ನದು, ಗುಡ್ಡದ ಮೇಲಿನ ಸೆಟ್ಟೂ ನನ್ನದು. ಹಾಗಾದರೆ ಆ ಸಹಿಸಲಾಗದ ಸಂಗೀತದ ಮೂಲಪುರುಷ ಯಾರು ಎಂದು ಯೋಚಿಸಿದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆದರೆ ನಿಜವಾದ ಸಿಟ್ಟು ಅದಲ್ಲ. ವಿದ್ಯಾನಗರದ ಒಂದು ಹಾಲಿನಲ್ಲಿ ಮಧ್ಯಾಹ್ನ ಅವರ ಕಾರ್ಯಕ್ರಮ ಇತ್ತು. ಅವರದನ್ನೇ ಕೇಳಲೆಂದು ಪರವೂರಿನವರು ಬಂದದ್ದು ಅದೇ ಮೊದಲು. ಕೊನೆಯ ಐಟಮನ್ನು ಶೆಡ್ಡಿನಲ್ಲಿ ಆರು ತಿಂಗಳು ಕಟ್ಟಿದ್ದರು. ಜೀಪಿಗೆ ಬಾಕ್ಸು ಏರಿಸುವಾಗ ಸುಧಾಕರ, "ಭಾವ, ಕೊನೆಗೆ ಗಿಟಾರ್ ಕೂಗ್ತದೆ. ಕೂಗ್ಲಿ. ನೀವು ಮುಟ್ಟುದು ಬೇಡ" ಎಂದ. "ಆಯ್ತು" ಎಂದೆ. ವಯರು ಎಲ್ಲ ಬಂತಾ ಎಂದು ನೋಡುತ್ತಿದ್ದೆ.

ಕೊನೆಯ ಐಟಮಿನಲ್ಲಿ ಅವನು ಗಿಟಾರನ್ನು ಬಾಕ್ಸಿಗೆ ಎದುರಾಗಿ ಹಿಡಿದು ತಂತಿಯಿಂದ ಕೈ ತೆಗೆದ. ತಂತಿ ತಾನೇ ನಡುಗಿ, ಸಣ್ಣಗೆ ಶುರುವಾಗಿ ಏರತೊಡಗಿತು. ಸಭೆಯ ತಲೆಗಳು ನನ್ನ ಕಡೆ ತಿರುಗಿದವು. ಅಷ್ಟೇ ನನಗೆ ಗೊತ್ತು. ಕೈ ಹೋಗಿ ಇಳಿಸಿಯಾಗಿತ್ತು. ಕೂಗು ನಿಂತಿತು. ಆಮೇಲೆ ಅರ್ಧ ಸಭೆ ಚಪ್ಪಾಳೆ ತಟ್ಟಿತು, ಆ ದಿನದ ದೊಡ್ಡ ಚಪ್ಪಾಳೆ ಅದೇ. ಸುಧಾಕರ ಗಿಟಾರ್ ಹಿಡಿದು ಹಾಗೆಯೇ ನಿಂತಿದ್ದ.

ಹಿಂದೆ ಬರುವಾಗ ಜೀಪಿನಲ್ಲಿ ಅವನು ಹೇಳಿದ್ದು ಒಂದೇ ಮಾತು. "ಒಳ್ಳೆ ಕೈ ಭಾವ ನಿಮ್ಮದು." ಅದು ತಮಾಷೆಯಾಗಿರಲಿಲ್ಲ. ಆಮೇಲೆ ಒಂದು ತಿಂಗಳು ಮನೆಗೆ ಬಂದ, ಊಟ ಮಾಡಿದ, ಮಾತೂ ಆಡಿದ. ತಮಾಷೆ ಮಾತ್ರ ಮಾಡಲಿಲ್ಲ. ತಪ್ಪು ಮಾಡಿದವನು ನಾನು, ಮೊದಲು ಮಾಡಬೇಕಾದವನೂ ನಾನು. ನಾಳೆ ಮಾಡುವ ಎಂದುಕೊಂಡು ತಿಂಗಳು ಕಳೆದೆ. ಅಷ್ಟರಲ್ಲಿ ಅವನಿಗೆ ಜ್ವರ ಬಂತು, ಕಣ್ಣು ಹಳದಿಯಾಯಿತು, ಆಸ್ಪತ್ರೆಗೆ ಸೇರಿಸಿದೆವು.

ಹಾಸಿಗೆಯ ಬದಿಯಲ್ಲಿ ಒಂದು ಯಂತ್ರ ಟಿಂವ್ ಟಿಂವ್ ಎನ್ನುತ್ತಿತ್ತು. ನಾನು ಒಳಗೆ ಹೋದ ಕೂಡಲೇ ಅವನು, "ಭಾವ, ಇದರ ವಾಲ್ಯೂಮ್ ಸ್ವಲ್ಪ ಇಳಿಸಿ. ನಿಮಗೆ ಅಭ್ಯಾಸ ಉಂಟಲ್ಲ" ಎಂದ. ನಾನು ಎದ್ದು ಯಂತ್ರದ ಹಿಂದೆ ನಿಜವಾಗಿಯೂ ಹುಡುಕಿದೆ. ನರ್ಸು ಮಲಯಾಳದಲ್ಲಿ ಗದರಿದಳು. ಅವನು ನಕ್ಕ, ಕೆಮ್ಮಿದ, ಪುನಃ ನಕ್ಕ. ನನ್ನ ತಪ್ಪಿಗೆ ತಮಾಷೆಯನ್ನೂ ಅವನೇ ಮಾಡಿದ್ದ. ಅದಕ್ಕೆ ನಾನು ಉತ್ತರ ಕೊಡಬೇಕಿತ್ತು. ಬಸ್ಸಿನಲ್ಲಿ ಬರುವಾಗ ಹೊಳೆಯಿತು, ಚೆನ್ನಾಗಿಯೇ ಇತ್ತು. ಮರುದಿನ ಹೇಳುವ ಎಂದುಕೊಂಡೆ. ಮರುದಿನ ಅವನಿಗೆ ಎಚ್ಚರವಿರಲಿಲ್ಲ, ಅದರ ಮರುದಿನ ಅವನೇ ಇರಲಿಲ್ಲ. ಆ ಉತ್ತರ ಈಗಲೂ ನನ್ನ ಬಳಿ ಉಂಟು. ಬೇರೆ ಯಾರಿಗೆ ಹೇಳಿದರೂ ನಗು ಬರುವಂಥದಲ್ಲ.

ಅವನ ವರ್ಷಾಂತಿಕದ ಹೊತ್ತಿಗೆ ಅಶ್ರಫ್ ಮತ್ತು ಪ್ರಮೀಳಾ ಮನೆಗೆ ಬಂದರು. ವರ್ಕಾಡಿಯ ವಾಚನಾಲಯದ ಹಾಲಿನಲ್ಲಿ, ಭಾನುವಾರ ನಾಲ್ಕು ಗಂಟೆಗೆ, ಆ ಕೊನೆಯ ಐಟಮ್ ಒಂದನ್ನು ಬಾರಿಸುತ್ತಾರಂತೆ.

"ಗಿಟಾರ್ ಯಾರು?" ಎಂದೆ.

"ಯಾರೂ ಬೇಡ ಅಣ್ಣ," ಎಂದಳು ಪ್ರಮೀಳಾ. "ಅವನ ಗಿಟಾರನ್ನು ಕುರ್ಚಿಯಲ್ಲಿ ಇಡುದು, ಬಾಕ್ಸಿನ ಎದುರು. ನೀವು ಏರಿಸಿದರೆ ಅದೇ ಕೂಗ್ತದೆ."

ನನಗೆ ರೇಗಿತು. "ಎಂತ, ತಮಾಷೆಯಾ ನಿಮಗೆ?"

ಒಳಗಿನಿಂದ ನನ್ನ ಹೆಂಡತಿ ವಾರಿಜ ಹೇಳಿದಳು. "ಹೌದು, ತಮಾಷೆಯೇ. ಸರದಿ ನಿಮ್ಮದಲ್ವಾ?"

ಭಾನುವಾರ ಕುರ್ಚಿಯ ಮೇಲೆ ಗಿಟಾರ್ ಇಟ್ಟರು. ಪ್ರಮೀಳಾ ಒಂದೇ ಸ್ವರ ಹಿಡಿದಳು, ಅಶ್ರಫ್ ಇನ್ನೊಂದು ಗುಡ್ಡದಲ್ಲಿದ್ದವನ ಹಾಗೆ ಬಡಿಯತೊಡಗಿದ. ನಾನು ವಾಲ್ಯೂಮ್ ಏರಿಸಿದೆ. ಬರೀ ಇಳಿಸಿ ಗೊತ್ತಿದ್ದ ಕೈ, ಏರಿಸುವ ಬದಲು ಎರಡು ಸಲ ಹಿಂದಕ್ಕೇ ತಿರುಗಿಸಿತು. ಮೊದಲು ಏನೂ ಇಲ್ಲ. ಆಮೇಲೆ ಯಾರೋ ದೂರದಿಂದ ಕರೆದ ಹಾಗೆ ಸಣ್ಣಗೆ. ಆಮೇಲೆ ಮಾಡಿನ ಶೀಟು ನಡುಗುವ ಹಾಗೆ. ತಲೆಗಳೆಲ್ಲ ನನ್ನ ಕಡೆ. ಎಡಗೈ ಬಂದು ಬಲಗೈಗೆ ಇಳಿಸಲು ಸಹಾಯ ಮಾಡೀತು ಎಂದು ಹೆದರಿ ಅದನ್ನು ತೊಡೆಯ ಕೆಳಗೆ ಇಟ್ಟು ಕುಳಿತೆ. ನಿವೃತ್ತ ಮಾಸ್ಟ್ರೊಬ್ಬರು ಎದ್ದು ನೇರ ನನ್ನ ಬಳಿಗೆ ಬಂದರು.

"ಎಂತ ಮಾರಾಯ, ಕಿವಿ ಕೇಳುದಿಲ್ವಾ ನಿನಗೆ? ಕೂಗ್ತಾ ಉಂಟು."

"ಕೇಳ್ತದೆ ಮಾಸ್ಟ್ರೇ. ಕುಳಿತುಕೊಳ್ಳಿ, ಇನ್ನೂ ಸ್ವಲ್ಪ ಉಂಟು."

ಅದು ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ನನಗೆ ತಲೆನೋವು ಬಂತು. ಆದರೆ ಪೂರ್ತಿ ಕೇಳಿದೆ. ಎಲ್ಲಿ ಮುಗಿಯಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದವನು ಇರಲಿಲ್ಲ. ಅಶ್ರಫ್ ಕೋಲು ಕೆಳಗಿಟ್ಟ ಮೇಲೆ ನಾನು ನಿಧಾನವಾಗಿ, ದೇಲಂಪಾಡಿಯಲ್ಲಿ ಸಂಜೆ ವೋಲ್ಟೇಜ್ ಇಳಿಯುವ ಹಾಗೆ, ಇಳಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೊನೆಗೆ ಮಾಸ್ಟ್ರು ತಟ್ಟಿದರು, ತಟ್ಟದಿದ್ದರೆ ಪುನಃ ಶುರುಮಾಡಿಯಾರು ಎಂಬ ಹೆದರಿಕೆಯಲ್ಲಿರಬೇಕು.

ಮರುದಿನ ಬೆಳಿಗ್ಗೆ ಭಜನಾ ಮಂದಿರದ ಅಧ್ಯಕ್ಷರ ಫೋನು. "ನಿನ್ನೆ ನಿನ್ನ ಸೆಟ್ಟು ಭಾರಿ ಕೂಗಿತಂತೆ. ಏಕಾಹ ಭಜನೆಗೆ ಈ ಸಲ ಬೇರೆಯವರಿಗೆ ಹೇಳಿದ್ದೇವೆ, ಬೇಸರ ಮಾಡಬೇಡ." ಇಪ್ಪತ್ತೈದು ವರ್ಷದಲ್ಲಿ ಮೊದಲನೆಯ ದೂರು. ಫೋನ್ ಇಟ್ಟು ನಾನು ನಗತೊಡಗಿದೆ. ನಿಲ್ಲಿಸಲಿಕ್ಕಾಗಲಿಲ್ಲ. ವಾರಿಜ ಓಡಿ ಬಂದು ಎಂತ ಆಯಿತು ಎಂದಳು.

"ನಿನ್ನ ತಮ್ಮ," ಎಂದೆ. "ಉತ್ತರ ಕೊಟ್ಟ."

ಅವಳೂ ನಕ್ಕಳು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಫೋನಿನವರು ಈಗಲೂ ಅವನ ಮೇಲೆ ಯಾರ ಪ್ರಭಾವ ಎಂದು ಕೇಳುತ್ತಾರೆ. ಅವನ ಪ್ರಭಾವ ಯಾರ ಮೇಲೆ ಎಂದು ಕೇಳಿದರೆ ಭಜನಾ ಮಂದಿರದ ನಂಬರು ಕೊಡುವವನಿದ್ದೇನೆ. ಅಷ್ಟರವರೆಗೆ, ಸರದಿ ಪುನಃ ನನ್ನದು. ಏನಾದರೂ ಒಂದು ಯೋಚನೆ ಮಾಡಬೇಕು.