ಮಂಡಕ್ಕಿಯ ನಾಲೆ

ದಾವಣಗೆರೆಯವರ ಮುಂದೆ ಮಂಡಕ್ಕಿ ಇಟ್ಟು ಮಾತಿಗೆ ಕೂತರೆ, ಮಾತು ಮುಗಿಯುವ ಮೊದಲೇ ಮಂಡಕ್ಕಿ ಮುಗಿದಿರುತ್ತದೆ. ಇದು ನಿಮಗೂ ಗೊತ್ತಿರುವ ವಿಷಯ. ಇದರಲ್ಲಿ ಹಸಿವಿನ ಪಾತ್ರವೇನೂ ಇಲ್ಲ. ಕೈಗೂ ಬಾಯಿಗೂ ಬುದ್ಧಿಯ ಅನುಮತಿ ಬೇಡದ ಒಂದು ಒಳಒಪ್ಪಂದವಿದೆ. ನಿವೃತ್ತ ಉಪನ್ಯಾಸಕನಾದ ನಾನು, ಬಾಯಿಗೆ ಸದಾ ಎರಡು ಉದ್ಯೋಗವಿದ್ದವನು, ಈ ಒಪ್ಪಂದವನ್ನು ಕಳೆದ ಭಾನುವಾರದವರೆಗೂ ನಿರಪಾಯಕಾರಿ ವಿನೋದವೆಂದೇ ತಿಳಿದಿದ್ದೆ.

ಅಂದು ವಿನೋಬನಗರದ ನಮ್ಮ ಮನೆಗೆ ತಂಗಿಯ ಮಗಳು ಸವಿತಾ ಬಂದಳು. ಹರಿಹರದ ಶಾಲೆಯೊಂದರಲ್ಲಿ ಟೀಚರು. ಹವಾಮಾನ ಬದಲಾವಣೆಯ ಪಾಠಕ್ಕೆ ತಾನೇ ಒಂದು ಆಟ ಕಟ್ಟಿ, ಮಕ್ಕಳಿಗೆ ಆಡಿಸುವ ಮುನ್ನ ನಮ್ಮ ಮೇಲೆ ಪ್ರಯೋಗಿಸುವುದು ಅವಳ ಉದ್ದೇಶ. ಜೊತೆಗೆ ಅವಳ ತಾಯಿ, ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಗೆ ಕೊಟ್ಟ ನನ್ನ ತಂಗಿ ಗೌರಿ. ನಾಲೆಯ ಕೊನೆಭಾಗದ ಅವಳ ಗದ್ದೆಯಲ್ಲಿ ಭತ್ತ ತೆನೆಗಟ್ಟುತ್ತಿತ್ತು. ಇನ್ನೊಂದೇ ಒಂದು ಸಲ ನೀರು ಹಾಯ್ದರೆ ಫಸಲು, ಇಲ್ಲವಾದರೆ ಬರೀ ಜೊಳ್ಳು.

ಆಟದಲ್ಲಿ ಬೋಗುಣಿಯ ಮಂಡಕ್ಕಿಯೇ ನಾಲೆಯ ನೀರು. ಕವಡೆ ಬಿದ್ದಂತೆ ಆ ವರ್ಷದ ಮಳೆ, ಮಳೆಯಂತೆ ಮಂಡಕ್ಕಿ. ಸಾಲಾಗಿ ಕೂತವರು ತಲಾ ಒಂದು ಹಿಡಿ ತೆಗೆದಿಟ್ಟು ಬೋಗುಣಿಯನ್ನು ಮುಂದೆ ಸಾಗಿಸಬೇಕು. ಹಿರಿಯನೆಂಬ ಗೌರವದಿಂದ ಮೊದಲು ನಾನು, ಆಮೇಲೆ ನನ್ನ ಹೆಂಡತಿ, ಕೊನೆಗೆ ಗೌರಿ. ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡೇ ನಾನು ಮುನಿದ ಮುಂಗಾರಿನ ಬಗ್ಗೆ, ಮನುಷ್ಯನ ದುರಾಸೆಯ ಬಗ್ಗೆ ನಿರರ್ಗಳವಾಗಿ ಉಪನ್ಯಾಸ ಕೊಟ್ಟೆ. ಸವಿತಾ ಏನನ್ನೋ ಬರೆದುಕೊಳ್ಳುತ್ತಿದ್ದಳು. ಮೂರು ಮಳೆಗಾಲ ಮುಗಿದವು. ಮೂರು ಸಲವೂ ಗೌರಿಯ ಕೈಗೆ ಸಿಕ್ಕಿದ್ದು ಬೋಗುಣಿಯ ತಳ.

“ಮಾವ, ನೀವು ತೆಗೆದಿಟ್ಟಿದ್ದು ಒಂದೊಂದೇ ಹಿಡಿ. ಮಾತಾಡ್ತಾ ತಿಂದಿದ್ದು ನಿಮಗೇ ಗೊತ್ತಾಗಲಿಲ್ರಿ,” ಎಂದಳು ಸವಿತಾ.

ಬಾಯಲ್ಲಿದ್ದುದನ್ನು ನುಂಗಲಾರದೆ ಹೋದೆ. ಏಕೆಂದರೆ ಅದೇ ನಾಲೆಯ ಮೇಲ್ಭಾಗದಲ್ಲಿ ನನ್ನದೊಂದು ತೆಂಗಿನ ತೋಟವಿದೆ; ಎಲ್ಲರೂ ಇಳಿಬಿಟ್ಟಂತೆ ನಾನೂ ನಾಲೆಗೊಂದು ಪೈಪು ಇಳಿಬಿಟ್ಟಿದ್ದೇನೆ. ಅದನ್ನು ಕಳ್ಳತನವೆಂದು ಕರೆಯಲು ನನ್ನ ಅಪಾರ ಶಬ್ದಸಂಪತ್ತು ಎಂದೂ ಒಪ್ಪಿರಲಿಲ್ಲ.

“ಗೌರೀ, ನಮ್ಮ ತೋಟದ ಪೈಪು...” ಎಂದು ತೊದಲಿದೆ.

“ಗೊತ್ತೈತೆ ಬಿಡಣ್ಣ. ಮೂರು ಬ್ಯಾಸಿಗೆಯಿಂದ ಗೊತ್ತೈತೆ.”

“ಮತ್ತೆ ಯಾಕ ಕೇಳಲಿಲ್ಲ?”

“ಕೇಳಿದಾಗ ನೀನು ಆಗಲ್ಲ ಅಂದ್ಬಿಟ್ಟಿದ್ರೆ? ಆಮೇಲೆ ತವರಿಗೆ ಹೆಂಗೆ ಬರ್ಲಿ?”

ಮೂರು ಬೇಸಿಗೆ ನನ್ನ ಮನೆಯಲ್ಲಿ ಉಂಡು, ನಕ್ಕು, ಕುಂಕುಮ ಇಡಿಸಿಕೊಂಡು ಹೋದವಳು ಇದನ್ನು ನುಂಗಿಕೊಂಡೇ ಹೋಗಿದ್ದಳು. ನಾನು ಅಲ್ಲೇ ಕೂತು ತೋಟ ನೋಡಿಕೊಳ್ಳುವ ಮಲ್ಲಪ್ಪನಿಗೆ ಫೋನು ಹಚ್ಚಿ, ನಾಲೆಯಿಂದ ಪೈಪು ಎತ್ತಿಬಿಡು ಎಂದೆ.

“ಎಷ್ಟು ದಿನಕ್ಕೆ ಸಾರ್?” ಎಂದು ಅವನು ಸಹಜವಾಗಿ ಕೇಳಿದ.

ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. “ಇನ್ಮೇಲೆ ಹಾಕೋದೇ ಬ್ಯಾಡ” ಎಂದೆ ನಿಜ. ಆದರೆ ಹಾಗೆನ್ನುವ ಮೊದಲು ಒಂದು ಗಳಿಗೆ ತಡೆದಿದ್ದೆ. ಆ ಒಂದು ಗಳಿಗೆಯನ್ನು ಅವಳೂ ನೋಡಿದಳು.