ಮುದ್ದೆ ಬಿಟ್ಟು ಓಡಿದ್ದು

ಕೇಳು ಮಂಜ, ಈ ಸಲ ಒಂದಕ್ಷರನೂ ಸುಳ್ಳಿಲ್ಲ, ಕೆರೆ ಏರಿ ಮುನೇಶ್ವರನ ಆಣೆ.

ನಮ್ಮ ಏಜೆನ್ಸಿಗೆ ಹೊಸ ಸೂಪರ್‌ವೈಸರ್ ಬಂದ್ರು. ವಾಚ್‌ಮನ್‌ಗಳೆಲ್ಲ ಯಲಹಂಕ ಕೆರೆ ಒಂದು ಸುತ್ತು ಓಡ್ಬೇಕು, ಆಗ್ದೇ ಇದ್ದೋರು ಮನೆಗೆ ಅಂದ್ರು. ಈ ವಯಸ್ಸಲ್ಲಿ ಇನ್ಯಾರು ಕೆಲ್ಸ ಕೊಡ್ತಾರೆ ಹೇಳು?

ನಮ್ಮ ಅಪಾರ್ಟ್‌ಮೆಂಟ್ ಜಿಮ್ಮಿನ ಟ್ರೇನರ್‌ನ ಕೇಳ್ದೆ. "ತಾತ, ಕಾರ್ಬ್ಸ್ ಪೂರ್ತಿ ಕಟ್ ಮಾಡಿ. ಮುದ್ದೆ, ಅನ್ನ ಮುಟ್ಲೇಬೇಡಿ" ಅಂದ. ಬಿಟ್ಟೆ. ಬರೀ ಸಾರು ಕುಡಿದು, ಮೊಟ್ಟೆ ತಿಂದು ದಿನಾ ಓಡಿದೆ. ನಾನು ತಿಂದ ಮೊಟ್ಟೆಗೆ ಹೆಸರಘಟ್ಟದ ಕೋಳಿಗಳೆಲ್ಲ ಬಡವಾದ್ವು.

ಪರೀಕ್ಷೆ ದಿನ ಅರ್ಧ ಸುತ್ತಿಗೇ ಕಣ್ಣು ಕತ್ಲೆ ಬಂತು. ಏರಿ ಮೇಲೆ ಕುಸಿದು ಕೂತ್ಬಿಟ್ಟೆ. ಮುಗೀತು ಕಣೋ ನನ್ನ ಕತೆ ಅಂದ್ಕೊಂಡೆ.

ಸೂಪರ್‌ವೈಸರ್ ಧಾರವಾಡದ ಕಡೆಯೋರು. ಪಕ್ಕದಲ್ಲಿ ಕೂತು, "ಯಜಮಾನ್ರ, ಮುಂಜಾನಿಂದ ಏನ್ ತಿಂದೀರಿ?" ಅಂದ್ರು.

"ಎರಡು ಮೊಟ್ಟೆ ಸಾ."

"ಅಯ್ಯ! ಸುಮ್ನ ಕುಂತ ದಿನ ಒಂದ್ ರೊಟ್ಟಿ ಕಡಿಮಿ ತಿನ್ರಿ. ಓಡೋ ದಿನಾನೂ ಬಿಟ್ರ ಕಾಲಿಗೆ ಶಕ್ತಿ ಎಲ್ಲಿಂದ ಬರಬೇಕ್ರಿ?"

ನಾನು ಸುಮ್ನಿರ್ತೀನಾ? ಪಕ್ಕದ ಹೋಟ್ಲಲ್ಲಿ ಎರಡು ಮುದ್ದೆ ನುಂಗಿ ಬಂದು, ಓಡಿದ್ದೇ ಓಡಿದ್ದು. ಕೆರೆ ಕೊಕ್ಕರೆಗಳೂ ಹಿಂದೆ ಬಿದ್ವು. ಸೂಪರ್‌ವೈಸರ್ ಕೈ ಮುಗಿದು, "ಸಾಯೂ ತನಕ ಆ ಅಪಾರ್ಟ್‌ಮೆಂಟ್ ಗೇಟ್ ನಿಮ್ದರಿ" ಅಂದ್ರು.

ಮಂಜ ಟೋಪಿ ತೆಗೆದು ತೊಡೆ ಮೇಲಿಟ್ಕೊಂಡ.

"ತಾತ, ಹಂಗಾದ್ರೆ ಇದೇ ಗೇಟಲ್ಲಿ ನಿಮ್ಮ ಯೂನಿಫಾರಂ ಹಾಕ್ಕೊಂಡು ನಾನ್ಯಾಕೆ ಕೂತಿದ್ದೀನಿ?"