ಎರಡೇ ಮೀನಿನ ತೊಟ್ಟಿ

ನನ್ನ ಗಂಡ ತನಗೆಂದೇ ಆಸೆಪಟ್ಟು ಮನೆಗೆ ತಂದದ್ದು ಒಂದೇ ಒಂದು: ಉಪ್ಪುನೀರಿನ ಅಕ್ವೇರಿಯಂ. ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ, ನನ್ನನ್ನು ಆರಿಸಿದ್ದು ಅವರ ಅಕ್ಕ. ಸ್ಕೂಟರಿನ ಬಣ್ಣ, ಗೋಡೆಯ ಬಣ್ಣ, ಮದುವೆಗೆ ಹಾಕುವ ಅಂಗಿಯ ಬಣ್ಣ ಆರಿಸಿದ್ದೂ ಅವರೇ. ಹೀಗಿರುವಾಗ ಈ ಮನುಷ್ಯ ಯಾರನ್ನೂ ಕೇಳದೆ ಒಂದು ಗಾಜಿನ ಪೆಟ್ಟಿಗೆ ತಂದದ್ದು ಬಂಟ್ವಾಳದ ನಮ್ಮ ಮನೆಯ ಮಟ್ಟಿಗೆ ಸಣ್ಣ ಕ್ರಾಂತಿಯೇ ಸರಿ.

ಕ್ರಾಂತಿಯ ಗಾತ್ರ ಮಾತ್ರ ಹೆಚ್ಚಿರಲಿಲ್ಲ. ನಮ್ಮ ಬಚ್ಚಲಿನ ಹಂಡೆ ಅದಕ್ಕಿಂತ ಹೆಚ್ಚು ನೀರು ಹಿಡಿಯುತ್ತದೆ. ಮಂಗಳೂರಿನ ಅಂಗಡಿಯವನು ಮೊದಲೇ ಹೇಳಿದ್ದನಂತೆ: ಇಷ್ಟು ಸಣ್ಣದಕ್ಕೆ ಎರಡು ಮೀನು ಸಾಕು, ಹೆಚ್ಚು ಹಾಕಿದರೆ ಅವುಗಳ ಹೊಲಸಿನಿಂದಲೇ ನೀರು ಕೆಟ್ಟು ಎಲ್ಲವೂ ಸಾಯುತ್ತವೆ. ಆ ಎರಡನ್ನು ಬಿಡುವ ಮೊದಲೂ ನೀರು ಹದಕ್ಕೆ ಬರಬೇಕಂತೆ. ಬಸ್ಸು ಹತ್ತಿದರೆ ಸಮುದ್ರ ಸಿಗುವ ಊರಿನಲ್ಲಿ ಇವರು ಪ್ಯಾಕೆಟ್ಟಿನ ಉಪ್ಪು ತಂದು, ಕಲಸಿ, ವಾರಗಟ್ಟಲೆ ಬರೀ ನೀರನ್ನು ಪಂಪಿನಲ್ಲಿ ಗುಳುಗುಳು ಎನಿಸುತ್ತ ಕೂತರು. ಬಂದವರು ಕೇಳಿದಾಗಲೆಲ್ಲ ಅತ್ತೆ ಗಂಭೀರವಾಗಿ ವಿವರಿಸುತ್ತಿದ್ದರು: "ಮಗ ಈಗ ನೀರು ಸಾಕ್ತಾ ಇದ್ದಾನೆ."

ಕೊನೆಗೆ ಎರಡು ಕ್ಲೌನ್ ಮೀನುಗಳು ಬಂದವು. ಕಿತ್ತಳೆ ಮೈ, ಬಿಳಿ ಪಟ್ಟಿ. ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದು ದೊಡ್ಡದರ ನೆರಳಿನಲ್ಲೇ ಈಜುತ್ತಿತ್ತು, ಥೇಟು ನನ್ನ ಗಂಡ ಮತ್ತು ಅವರ ಅಕ್ಕ. ಇವರು ಆಫೀಸಿನಿಂದ ಬಂದವರೇ ಕುರ್ಚಿ ಎಳೆದುಕೊಂಡು ಅವುಗಳೆದುರು ಕೂರುತ್ತಿದ್ದರು. ಸಣ್ಣದು ಗಾಜಿನ ಹತ್ತಿರ ಬಂದರೆ ಅದರೊಡನೆ ಮಾತಾಡುತ್ತಿದ್ದರು. ನನ್ನೊಡನೆ ಇಡೀ ದಿನಕ್ಕೆ "ಹೂಂ" ಮತ್ತು "ಆಯ್ತು" ಎರಡರಲ್ಲಿ ಸಂಸಾರ ನಡೆಸುವ ಮನುಷ್ಯ! ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಅವರನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ. ಅದು ಹಾಗೇ ಉಳಿಯಲಿ ಎಂದು ನನಗೂ ಆಸೆಯಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಮರ್ಯಾದೆಯ ಬಗ್ಗೆ ಹೇಳಬೇಕು. ನಮ್ಮಲ್ಲಿ "ಸಾಕು" ಎಂಬ ಮಾತಿಗೆ ಕಿಲುಬುಕಾಸಿನ ಬೆಲೆಯಿಲ್ಲ. ಮನೆಯ ತುಳುವಿನಲ್ಲಿ "ಯಾವು" ಎಂದರೂ ಅಷ್ಟೇ. ಉಣ್ಣುವವನು ಸಾಕು ಎಂದರೆ ಅದು ಸಂಕೋಚ; ಬಡಿಸುವವಳು ಅದನ್ನು ನಂಬಿ ಹಿಂದೆ ಸರಿದರೆ ಅವಳು ಜಿಪುಣಿ. ನಿಜವಾಗಿಯೂ ಹೊಟ್ಟೆ ತುಂಬಿದ್ದರೆ ಎರಡೂ ಕೈಗಳನ್ನು ಅಗಲಿಸಿ ಎಲೆಯ ಮೇಲೆ ಬಗ್ಗಬೇಕು. ಆಗ ಮಾತ್ರ ಸೌಟು ಮುಂದಿನವರ ಕಡೆ ಹೋಗುತ್ತದೆ. ಇಂಥ ಊರಿನಲ್ಲಿ ಅಂಗಡಿಯವನು "ಎರಡು ಸಾಕು" ಎಂದನೆಂದು ಹೇಳಿದರೆ ಯಾರು ತಾನೇ ನಂಬಿಯಾರು?

ಮೊದಲು ನಂಬದವರು ಬೆಳ್ತಂಗಡಿಯ ಅತ್ತಿಗೆ, ಎಂದರೆ ನನ್ನನ್ನು ಆರಿಸಿದ ಆ ಅಕ್ಕ. ತೊಟ್ಟಿಯನ್ನು ನೋಡಿ ಅವರ ಮುಖ ಬಾಡಿತು.

"ಎರಡೇಯಾ ತಮ್ಮಾ? ಬಂದವರು ಎಂತ ಹೇಳ್ತಾರೆ?"

"ಸಾಕು ಅಕ್ಕ. ಜಾಗ ಇಲ್ಲ."

"ಇಷ್ಟು ನೀರುಂಟು, ಜಾಗ ಇಲ್ಲ ಅಂತೀಯಲ್ಲ ಮಾರಾಯ!"

ಮುಂದಿನ ಸಲ ಬಂದಾಗ ಅವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಎರಡು ನೀಲಿ ಮೀನು. ಇವರು ಬೇಡ ಎಂದರು, ಸಾಕು ಎಂದರು. ತಮ್ಮನ ಸಂಕೋಚ ಕಂಡು ಅಕ್ಕನ ಕರುಳು ಇನ್ನಷ್ಟು ಕರಗಿತು. ತಾವೇ ಚೀಲ ಬಿಚ್ಚಿ ಸುರಿದರು.

ಸುದ್ದಿ ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿರುವ ನನ್ನ ಅಣ್ಣನಿಗೆ ಮುಟ್ಟಿತು. ಗಂಡನ ಕಡೆಯಿಂದ ಎರಡು ಮೀನು ಬಂದಿರುವಾಗ ತವರಿನಿಂದ ಏನೂ ಇಲ್ಲವೆಂದರೆ ತಂಗಿಯ ಮಾನ ಏನಾಗಬೇಕು? ಅವನು ಎರಡು ಹಳದಿ ಮೀನುಗಳನ್ನು ಹಿಡಿದುಕೊಂಡು ಬಂದ. ಇವರು "ಭಾವ, ಸಾಕು" ಎಂದರು. "ನಮ್ಮದು ಅಂತ ಇರಲಿ ಭಾವ," ಎಂದ ಅಣ್ಣ. ದುಬೈಯಿಂದ ರಜೆಯಲ್ಲಿ ಬಂದಿದ್ದ ಪಕ್ಕದ ಮನೆಯವರು ಪ್ರತಿ ಸಲ ಚಾಕಲೇಟು ಕೊಡುತ್ತಿದ್ದರು. ಈ ಸಲ ಅವರೂ ಒಂದು ಪಟ್ಟೆ ಮೀನು ಕೊಟ್ಟರು.

ಹೀಗೆ ನಮ್ಮ ತೊಟ್ಟಿ ಮದುವೆಯ ಮೊದಲ ಪಂಕ್ತಿಯಾಯಿತು. ಒಂದನ್ನೂ ಹೊರಗೆ ಕಳಿಸುವ ಹಾಗಿಲ್ಲ, ಏಕೆಂದರೆ ಕೊಟ್ಟವರು ಬಂದಾಗ ಮೊದಲು ಹುಡುಕುವುದೇ ತಮ್ಮ ಮೀನನ್ನು. ಅಲ್ಲದೆ, ನಮ್ಮ ಮನೆಗೆ ಬಂದವರು ಮನುಷ್ಯರಾಗಲಿ ಮೀನಾಗಲಿ, ಉಪವಾಸ ಕೂರುವ ಪ್ರಶ್ನೆಯೇ ಇಲ್ಲ. ಅತ್ತೆ ಹೋಗುತ್ತಾ ಬರುತ್ತಾ ಚಿಟಿಕೆ ಚಿಟಿಕೆ ಆಹಾರ ಉದುರಿಸುತ್ತಿದ್ದರು. ಇವರು ರಾತ್ರಿ ಊಟ ಬಿಟ್ಟು ನೀರು ಬದಲಾಯಿಸುತ್ತಿದ್ದರು. "ಮೀನು ತರುವವರಿಗೆ ಸರಿಯಾಗಿ ಹೇಳಿ ಮಾರಾಯ್ರೆ," ಎಂದು ನಾನು ರೇಗಿದರೆ, "ಹೇಳಿದೆನಲ್ಲ, ಸಾಕು ಅಂತ," ಎನ್ನುತ್ತಿದ್ದರು. ಹೌದು, ಹೇಳಿದ್ದರು ಪಾಪ.

ಅತ್ತಿಗೆಯ ನೀಲಿ ಮೀನುಗಳು ಮೂಲೆಯ ಕಲ್ಲು ತಮ್ಮದೆಂದು ಹಕ್ಕು ಸಾಧಿಸಿ, ಸಣ್ಣ ಕ್ಲೌನ್ ಮೀನನ್ನು ಅಟ್ಟಿಸಿಕೊಂಡು ಕಚ್ಚತೊಡಗಿದವು. ನೀರು ಮಬ್ಬಾಯಿತು. ಒಂದು ಬೆಳಿಗ್ಗೆ ಸಣ್ಣದು ಪಂಪಿನ ಬಾಯಿಗೆ ಒರಗಿ ಸತ್ತಿತ್ತು. ಇವರು ಅದನ್ನು ಅಂಗೈಯಲ್ಲಿ ಎತ್ತಿಕೊಂಡು ಹಿತ್ತಿಲಿಗೆ ಹೋದರು, ಮುಖ ತೊಳೆಯುತ್ತೇನೆಂದು ನಲ್ಲಿಯ ಹತ್ತಿರ ತುಂಬಾ ಹೊತ್ತು ನಿಂತರು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಅಷ್ಟರಲ್ಲಿ ಮೀನಿನವನ ಹಾರ್ನು ಕೇಳಿಸಿತು. ಬೂತಾಯಿ ಮೀನಿನ ಸಾರಿಲ್ಲದೆ ಅನ್ನ ಮುಟ್ಟದ ಅತ್ತೆ ಗೇಟಿನವರೆಗೆ ಹೋಗಿ, "ಇವತ್ತು ನಮಗೆ ಮೀನು ಬೇಡ," ಎಂದು ಅವನನ್ನು ಕಳಿಸಿದರು. ಮಧ್ಯಾಹ್ನ ಎಲ್ಲರೂ ಹೆಸರಿನ ಸಾರು ಉಂಡೆವು.

ಮೀನು ಸತ್ತದ್ದು ಕೇಳಿ ಅತ್ತಿಗೆ ಸುಮ್ಮನಿರುತ್ತಾರೆಯೇ? ಭಾನುವಾರ ಬಂದರು. ಒಂದಕ್ಕೆ ಎರಡು ತಂದಿದ್ದರು. ಉಳಿದಿದ್ದ ದೊಡ್ಡ ಕ್ಲೌನ್ ಮೀನು ಆಗ ನೀರಿನ ಮೇಲ್ಭಾಗದಲ್ಲಿ ಬಾಯಿ ಕಳೆದು ಏದುಸಿರು ಬಿಡುತ್ತಿತ್ತು. ಅತ್ತಿಗೆ ಚೀಲದ ಗಂಟು ಬಿಚ್ಚುತ್ತಾ ತೊಟ್ಟಿಯ ಹತ್ತಿರ ಬಂದರು. ಇವರು ಕುರ್ಚಿಯಿಂದ ಎದ್ದವರೇ ಎರಡೂ ಕೈಗಳನ್ನು ಅಗಲಿಸಿ ತೊಟ್ಟಿಯ ಬಾಯಿಯ ಮೇಲೆ ಬಗ್ಗಿದರು. ಎದೆ ನೀರಿಗೆ ತಾಗಿ ಅಂಗಿ ಒದ್ದೆಯಾಯಿತು.

ಅತ್ತಿಗೆ ನಿಂತುಬಿಟ್ಟರು. ಎಷ್ಟೋ ಪಂಕ್ತಿಗಳಲ್ಲಿ ಬಡಿಸಿದ ಕೈ ಅದು. ಎಲೆಗೆ ಅಡ್ಡ ಬಂದ ಕೈಗಳನ್ನು ಅದು ಯಾವತ್ತೂ ಮೀರಿಲ್ಲ.

"ಅಷ್ಟು ಸಾಕಾ ತಮ್ಮಾ?" ಎಂದರು ಮೆಲ್ಲಗೆ. ಆಮೇಲೆ ಸ್ವಲ್ಪ ಮುನಿಸಿನಿಂದ, "ಮೊದಲೇ ಹೇಳುವುದಲ್ವಾ ಹಾಗಾದ್ರೆ?"

ಅವತ್ತು ಸಂಜೆಯೇ ಅತ್ತಿಗೆ ತಮ್ಮ ಮೀನು, ಅಣ್ಣನ ಮೀನು, ದುಬೈಯ ಮೀನು ಎಲ್ಲವನ್ನೂ ಚೀಲಗಳಲ್ಲಿ ತುಂಬಿಸಿಕೊಂಡು ಕಾರಿನಲ್ಲಿ ಅಂಗಡಿಗೆ ಹಿಂದಿರುಗಿಸಲು ಹೊರಟರು. ನನ್ನ ಅಣ್ಣನಿಗೂ ಅವರೇ ಫೋನು ಮಾಡಿ ಗದರಿದರು. ನೀರು ತಿಳಿಯಾಯಿತು, ದೊಡ್ಡ ಮೀನು ಉಳಿಯಿತು. ಒಂಟಿಯಾಗಿ ಆಚೀಚೆ ಈಜುತ್ತದೆ. ಅದಕ್ಕೆ ಜೊತೆ ತರುವ ಮಾತನ್ನು ಇವರು ಇನ್ನೂ ಎತ್ತಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಮನೆಯಲ್ಲಿ ಬಂಗುಡೆ ಮೀನನ್ನು ಎಣ್ಣೆಯಲ್ಲಿ ಕಾಯಿಸಿದ್ದೆವು. ಅತ್ತೆ ಮಗನ ತಟ್ಟೆಗೆ ಇನ್ನೊಂದನ್ನು ಹಾಕಲು ಬಗ್ಗಿದರು. ಇವರು ಎಂದಿನ ಅಭ್ಯಾಸದಂತೆ "ಸಾಕು" ಎಂದರು. ಅತ್ತೆ ಮಗನ ಮುಖ ನೋಡಿದರು, ತೊಟ್ಟಿಯ ಕಡೆ ನೋಡಿದರು. ಆಮೇಲೆ ಬಂಗುಡೆಯನ್ನು ಹಾಗೇ ಪಾತ್ರೆಗೆ ವಾಪಸು ಇಟ್ಟರು. ಅವರು ಹಾಗೆ ಮಾಡಿದ್ದನ್ನು ನಾನು ಮೊದಲ ಸಲ ನೋಡಿದೆ. ಇವರು ಖಾಲಿ ತಟ್ಟೆಯನ್ನೇ ನೋಡುತ್ತಾ ಕೂತರು, ಏಕೆಂದರೆ ಅವರಿಗೆ ಆ ಬಂಗುಡೆ ಬೇಕಿತ್ತು.